ನೀರುನಾಯಿ ಬೇಕಾದರೆ ನೀರು ನೋಡಬೇಡಿ

ನಮ್ಮ ತೀರ್ಥಹಳ್ಳಿ ಕಡೆ ನೀರುನಾಯಿ ನೋಡಲು ಬರುವವರೆಲ್ಲ ಮೊದಲು ಸಂಕದ ಮೇಲೆ ನಿಂತು ನೀರನ್ನೇ ದಿಟ್ಟಿಸುತ್ತಾರೆ. ಅದು ಹಾಗೆ ಸಿಗುವ ಪ್ರಾಣಿಯಲ್ಲ. ತೋಟ ದಾಟಿ ಕಾಡಿನೊಳಗೆ ಹೋಗುವ ಸಣ್ಣ ಹಳ್ಳಗಳಲ್ಲಿರುವುದು ಗಿಡ್ಡ ಉಗುರಿನ ಜಾತಿ. ಜಗತ್ತಿನ ನೀರುನಾಯಿಗಳಲ್ಲೇ ಚಿಕ್ಕದು, ಬೆಳೆದರೂ 5 ಕೆ.ಜಿ. ಮೀರುವುದು ಕಡಿಮೆ. ಜನರ ಓಡಾಟವಿದ್ದಲ್ಲಿ ಕತ್ತಲಾಗದೆ ಹೊರಗೆ ಬರುವುದಿಲ್ಲ. ಹಾಗಾಗಿ ಮೊದಲು ಹಿಕ್ಕೆ ಹುಡುಕಿ.

ಮಳೆಗಾಲದಲ್ಲಿ ಕಲ್ಲೆಲ್ಲ ತೊಳೆದುಹೋಗಿರುತ್ತದೆ. ಸ್ವಾತಿ ಮಳೆ ಕಳೆದು ನೀರು ತಿಳಿಯಾದ ಮೇಲೆ ಹೊರಡಿ. ಎರಡು ಹಳ್ಳ ಕೂಡುವ ಜಾಗ, ಗುಂಡಿಯ ಪಕ್ಕದ ಚಪ್ಪಟೆ ಬಂಡೆ, ಇವನ್ನು ಬಿಡಬೇಡಿ. ನೀರುನಾಯಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಕಲ್ಲಿಗೆ ಬರುತ್ತದೆ. ಕಡ್ಡಿಯಿಂದ ಕೆದಕಿ. ತುಂಬ ಏಡಿಯ ಚಿಪ್ಪಿನ ಚೂರೇ ಇದ್ದು ಮೀನಿನ ವಾಸನೆ ಬಂದರೆ ಇವನದೇ ಇರಬೇಕು. ಬರೀ ಮೀನಿನ ಹುರುಪೆ, ಮುಳ್ಳು ಇದ್ದರೆ ತುಂಗೆಯಂಥ ದೊಡ್ಡ ಹೊಳೆಯ ನೀರುನಾಯಿಯನ್ನು ನೆನೆಯಿರಿ. ಬಗನಿ ಮರದ ಬೀಜ ಕಂಡರೆ ಕಾಡುಬೆಕ್ಕಿನದು, ಮುಂದೆ ನಡೆಯಿರಿ. (ಮನೆಯಲ್ಲಿ ನನಗೆ ಹಿಕ್ಕೆ ಮೂಸುವವನು ಎಂದೇ ಹೆಸರು. ಇರಲಿ.) ಪಕ್ಕದ ಮರಳಿನಲ್ಲಿ ಐದು ಬೆರಳಿನ ಹೆಜ್ಜೆಯಿದ್ದು ಉಗುರಿನ ಗುರುತು ಇಲ್ಲದಿದ್ದರೆ ಅನುಮಾನವೇ ಬೇಡ.

ಹಸಿ ಹಿಕ್ಕೆ ಸಿಕ್ಕ ಕಲ್ಲಿಗೆ ಎದುರು ದಡದಲ್ಲಿ, ಗಾಳಿ ನಿಮ್ಮ ಕಡೆಗೆ ಬೀಸುವಂತೆ ಕೂರಿ. ಸಂಜೆ ದನ ಕೊಟ್ಟಿಗೆ ಸೇರುವ ಹೊತ್ತಿಗೇ ಕೂತಿರಬೇಕು. ಬ್ಯಾಟರಿಗೆ ಕೆಂಪು ಗಾಜುಕಾಗದ ಸುತ್ತಿ. ಕೂರುವ ಮುನ್ನ ಕೈಯಿಡುವ ಕಲ್ಲು, ತಗ್ಗಿನ ಕೊಂಬೆ ನೋಡಿಕೊಳ್ಳಿ, ಗುಳಿಮಂಡಲ ಹಾವು ಇರುವುದು ಅಂಥಲ್ಲೇ. ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡ ಕಾಲನ್ನು ಮಾತ್ರ ಹಳ್ಳಕ್ಕೆ ಇಳಿಸಬೇಡಿ. ಕಪ್ಪೆಗಳು ಚರ್ಮದಿಂದಲೇ ನೀರು ಹೀರುತ್ತವೆ, ನೀರಿನಲ್ಲಿ ಕರಗಿದ್ದೂ ಒಳಗೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ಹೊಡೆದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವ ನಮ್ಮವರಿಗೂ ಇದನ್ನೇ ಹೇಳುತ್ತೇನೆ. ಮೈಲುತುತ್ತ ಬಿದ್ದ ನೀರಿನಲ್ಲಿ ಏಡಿ ಬಾಳುವುದು ಹೇಗೆ? ಏಡಿ ಇಲ್ಲದ ಹಳ್ಳಕ್ಕೆ ನೀರುನಾಯಿ ಯಾಕೆ ಬರಬೇಕು?

ರಾತ್ರಿ ಕೂರಲಾಗದವರಿಗೆ ಕುಣಿಯುವ ಕಪ್ಪೆ ಇದೆ. ಮಳೆ ಇಳಿಮುಖವಾದ ಮೇಲೆ, ಹಗಲಲ್ಲೇ, ನೀರು ಚಿಮ್ಮುವ ಒದ್ದೆ ಕಲ್ಲಿನ ಮೇಲೆ ಕೂತಿರುತ್ತದೆ. ಹೆಬ್ಬೆರಳ ತುದಿಯಷ್ಟು ಗಾತ್ರ, ಬಣ್ಣ ಕಲ್ಲಿನದೇ. ಹಳ್ಳದ ಸದ್ದಿನಲ್ಲಿ ಕೂಗು ಸಾಲದು, ಅದಕ್ಕೇ ಗಂಡು ಹಿಂಗಾಲು ಚಾಚಿ ಬೆರಳ ನಡುವಿನ ಬಿಳಿ ಪೊರೆ ಬಿಚ್ಚಿ ತೋರಿಸುತ್ತದೆ. ಕಪ್ಪೆ ಹುಡುಕಿದರೆ ಕಾಣುವುದಿಲ್ಲ. ಕಲ್ಲಿನ ಮೇಲೆ ಬಿಳಿ ಮಿಂಚಿತೇ ಅಂತ ಕಾಯಿರಿ. ಇದೇ ಗುಂಪಿನ 14 ಹೊಸ ಜಾತಿಗಳನ್ನು ಪಶ್ಚಿಮ ಘಟ್ಟದಿಂದ 2014ರಲ್ಲಿ ವಿವರಿಸಿದರು.

ಜೋಗದಾಚೆಯ ಕತ್ತಲೆಕಾನಿನಿಂದ ಅದೇ ವರ್ಷ ವಿವರಿಸಿದ್ದು ಕುಂಬಾರ ಕಪ್ಪೆ. ಇದಕ್ಕೆ ಮಳೆಗಾಲದ ರಾತ್ರಿಯೇ ಆಗಬೇಕು. ನೀರಿನ ಮೇಲೆ ಬಾಗಿದ ಕಡ್ಡಿಗೆ ಅಂಟಿದ ಮೊಟ್ಟೆಗೆ ಗಂಡು ಕೈಯಲ್ಲಿ ಕೆಸರು ಮೆತ್ತುತ್ತದೆ. ಮೊಟ್ಟೆಯೊಡೆದ ಮರಿ ನೇರ ಕೆಳಗಿನ ನೀರಿಗೇ ಬೀಳಬೇಕು. ಫೋಟೊಕ್ಕೆಂದು ಆ ಕಡ್ಡಿ ಬಗ್ಗಿಸಿದವರನ್ನು ನಾನು ಇನ್ನೊಂದು ಸಲ ಕರೆದುಕೊಂಡು ಹೋಗುವುದಿಲ್ಲ.