ಹಾಸುಬಂಡೆಯ ಮೇಲಿನ ಪೈರು: ಸತ್ಯವೇದ ಕಲಿಸುತ್ತ ನಾನು ಕಲಿತದ್ದು

ಲಿಂಗರಾಜಪುರದ ಒಂದು ಮನೆಯಲ್ಲಿ ಪ್ರತಿ ಬುಧವಾರ ಸಂಜೆ ಸೇರುವ ನಮ್ಮ ಸತ್ಯವೇದ (ಬೈಬಲ್) ಅಧ್ಯಯನದ ಕೂಟವನ್ನು ನಾನು 11 ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಮೊದಲ ಏಳೆಂಟು ವರ್ಷ ನಾನು ಅಲ್ಲಿ ಕಲಿಸಿದೆನೇ ಹೊರತು ಕಲಿಯಲಿಲ್ಲ. ವಾರವಿಡೀ ವ್ಯಾಖ್ಯಾನ ಗ್ರಂಥಗಳನ್ನು ಓದಿ, ನಾಲ್ಕು ಪುಟ ಟಿಪ್ಪಣಿ ಬರೆದುಕೊಂಡು ಹೋಗಿ, ಒಂದು ಗಂಟೆ ಮಾತನಾಡಿ, ಕೊನೆಯ ಐದು ನಿಮಿಷ ಉಳಿದಾಗ ಪ್ರಶ್ನೆಗಳಿದ್ದರೆ ಕೇಳಬಹುದು ಎನ್ನುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದು ನಾನು ತೃಪ್ತಿಯಿಂದ ಮನೆಗೆ ಹೋಗುತ್ತಿದ್ದೆ.

ಆ ತೃಪ್ತಿ ಮುರಿದದ್ದು ಬಿತ್ತುವವನ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಓದಿದ ದಿನ. ಬಿತ್ತಿದ ಬೀಜ ನಾಲ್ಕು ಬಗೆಯ ನೆಲದಲ್ಲಿ ಬೀಳುತ್ತದೆ; ಬೀಜವೆಂದರೆ ದೇವರ ವಾಕ್ಯ, ನೆಲವೆಂದರೆ ಅದನ್ನು ಕೇಳುವವರು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯವನ್ನು ಓದಿಸಿ, ದಾರಿಯ ಮಗ್ಗುಲು, ಬಂಡೆಯ ನೆಲ, ಮುಳ್ಳುಗಿಡಗಳ ನಡುವೆ, ಒಳ್ಳೆಯ ಭೂಮಿ ಎಂಬ ನಾಲ್ಕನ್ನೂ ವಿವರಿಸಿ, "ನೀವು ಇದರಲ್ಲಿ ಯಾವ ನೆಲ?" ಎಂದು ಕೇಳಿದೆ. ನಾನು ಯಾವ ನೆಲ ಎಂಬ ಬಗ್ಗೆ ನನಗೆ ಸಂದೇಹವೇ ಇರಲಿಲ್ಲ. ಬಾಗಿಲ ಹತ್ತಿರ ಕೂರುತ್ತಿದ್ದ ಒಬ್ಬ ತಾಯಿ ಅಂದು ಮೊದಲ ಬಾರಿಗೆ ಬಾಯಿ ತೆರೆದರು. ಅವರು ಕನಕಪುರದ ಕಡೆಯ ಹಳ್ಳಿಯವರು. ಊರಿನಲ್ಲಿ ರಾಗಿ ಬೆಳೆದು, ಈಗ ಇಲ್ಲಿ ಎರಡು ಮನೆಗಳಲ್ಲಿ ಅಡುಗೆ ಮಾಡುವವರು. ಓದು ಬರಹ ಬಾರದವರು. "ಬಂಡೆ ಅಂದ್ರೆ ಕಲ್ಲು ಕಾಣ್ಸಲ್ಲ ಅಣ್ಣ. ಹಾಸುಬಂಡೆ ಮೇಲೆ ನಾಕು ಬೆರಳು ಮಣ್ಣು ಇರ್ತದೆ. ಅಲ್ಲೇ ಎಲ್ಲಕ್ಕಿಂತ ಮುಂಚೆ ಹಸ್ರಾಗೋದು. ನೋಡ್ದೋರು ಏನ್ ಚೆಂದ ಬಂತು ಅಂತಾರೆ. ಬೇರಿಗೆ ಜಾಗ ಇಲ್ಲ, ತೇವ ನಿಲ್ಲಲ್ಲ, ನಾಕು ದಿನ ಬಿಸ್ಲು ಬಿದ್ರೆ ಮುಗೀತು" ಎಂದರು. ಮಾರ್ಕನು ಬೇರಿಲ್ಲದ್ದರಿಂದ ಒಣಗಿತೆಂದು ಬರೆಯುತ್ತಾನೆ, ಇದೇ ಸಾಮ್ಯವನ್ನು ತನ್ನ ಸುವಾರ್ತೆಯಲ್ಲಿ ಬರೆದ ಲೂಕನು ತೇವವಿಲ್ಲದ್ದರಿಂದ ಎನ್ನುತ್ತಾನೆ. ಈ ವ್ಯತ್ಯಾಸವನ್ನು ನಾನು ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಅವರು ಎರಡನ್ನೂ ಒಂದೇ ಉಸಿರಿನಲ್ಲಿ, ತಮ್ಮ ಹೊಲದ ಅನುಭವದಿಂದ ಹೇಳಿಬಿಟ್ಟರು.

ನಾನು ಒಳ್ಳೆಯ ನೆಲದ ಮಾತಿಗೆ ಹೊರಳಿದೆ. ಅವರು ಮತ್ತೆ ತಡೆದರು. ಒಳ್ಳೆಯ ನೆಲವೆಂದು ಸುಮ್ಮನೆ ಬಿಟ್ಟರೆ ಅದು ಎರಡು ವರ್ಷದಲ್ಲಿ ಬೀಳಾಗುತ್ತದೆ, ಪ್ರತಿ ಮುಂಗಾರಿಗೂ ಉಳಬೇಕು, ಪೈರು ಬಂದ ಮೇಲೂ ಹಲುಬೆ ಹೊಡೆಯಬೇಕು ಎಂದರು. ಹುಟ್ಟಿದ ರಾಗಿಯ ಮೇಲೆಯೇ ಹಲ್ಲಿನ ಹಲುಬೆಯನ್ನು ಎಳೆಸುತ್ತಾರೆ. ನೋಡುವವರಿಗೆ ಪೈರೆಲ್ಲ ಹಾಳಾಯಿತೆನಿಸುತ್ತದೆ, ಆದರೆ ಕಳೆ ಕಿತ್ತು, ಮಣ್ಣು ಸಡಿಲವಾಗಿ, ಪೈರು ಬುಡದಲ್ಲಿ ಹೊಸ ಕವಲು ಬಿಟ್ಟು ತೆಂಡೆಯೊಡೆಯುವುದು ಆಮೇಲೆಯೇ. ಹೋಶೇಯನ 10ನೆಯ ಅಧ್ಯಾಯದಲ್ಲಿ ಪಾಳುನೆಲವನ್ನು ಉಳಿರೆಂದು ಪ್ರವಾದಿ ಹೇಳುವ ಮಾತು ನನಗೆ ಬಾಯಿಪಾಠವಾಗಿತ್ತು. ಅದನ್ನು ಯಾವಾಗಲೂ ದೇವರನ್ನು ಬಿಟ್ಟು ದೂರ ಹೋದವರಿಗೆ ಹೇಳಿದ್ದೆ, ನನಗೆ ಹೇಳಿಕೊಂಡಿರಲಿಲ್ಲ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮುಂದಿನ ವಾರದಿಂದ ಕೂಟದ ಕ್ರಮವನ್ನೇ ಬದಲಾಯಿಸಿದೆ. ವಾಕ್ಯಭಾಗವನ್ನು ಮೂವರು ಮೂರು ಸಲ ಗಟ್ಟಿಯಾಗಿ ಓದುತ್ತಾರೆ. ಒಂದು ಸಲವಾದರೂ ಹಳೆಯ ಭಾಷಾಂತರದಿಂದ, ಒಂದು ಸಲ ಹೊಸದರಿಂದ. ಬಳಿಕ ಅರ್ಧ ಗಂಟೆ ನಾನು ಮಾತನಾಡುವುದಿಲ್ಲ, ಟಿಪ್ಪಣಿಯ ಪುಸ್ತಕ ಮುಚ್ಚಿಯೇ ಇರುತ್ತದೆ. ಮೊದಲ ಕೆಲವು ವಾರ ಆ ಮೌನವನ್ನು ಸಹಿಸುವುದು ನನಗೆ ಬಹಳ ಕಷ್ಟವಾಯಿತು. ಗೊತ್ತಿಲ್ಲದ ಪ್ರಶ್ನೆ ಬಂದಾಗ ಗೊತ್ತಿಲ್ಲವೆಂದು ಹೇಳಿ, ಬರೆದುಕೊಂಡು, ಒಂದು ವಾರ ಹುಡುಕಿ ಉತ್ತರ ತರುತ್ತೇನೆ. ಹನ್ನೆರಡು ಮಂದಿ ಶಿಷ್ಯರೂ ಆ ಸಾಮ್ಯದ ಅರ್ಥ ತಿಳಿಯದೆ, ಜನರು ಹೋದ ಮೇಲೆ ಯೇಸುವನ್ನು ಕೇಳಿ ತಿಳಿದುಕೊಂಡರೆಂದು ಅದೇ ಅಧ್ಯಾಯದಲ್ಲಿದೆ. ಅಷ್ಟು ಹತ್ತಿರವಿದ್ದವರೇ ಕೇಳಬೇಕಾಗಿದ್ದರೆ, ಎಲ್ಲವೂ ತಿಳಿದವನಂತೆ ಕೂರಲು ನನಗೆ ಯಾವ ಹಕ್ಕಿತ್ತು?

ತಿಳಿಯದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ತಪ್ಪು ಕಲಿಸಿದ್ದನ್ನು ಹಿಂತೆಗೆದುಕೊಳ್ಳುವುದು ಕಠಿಣ. ಯೇಸುವನ್ನು ಹಿಂಬಾಲಿಸಿದ ಮಗ್ದಲದ ಮರಿಯಳು ಹಿಂದೆ ವೇಶ್ಯೆಯಾಗಿದ್ದಳೆಂದು ನಾನು ವರ್ಷಗಟ್ಟಲೆ ಹೇಳಿದ್ದೆ. ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ, ಅದು ಯಾವ ಅಧ್ಯಾಯದಲ್ಲಿದೆ ಎಂದು ಮೆಲ್ಲಗೆ ಕೇಳಿದಳು. ಹುಡುಕಿದರೆ ಎಲ್ಲಿಯೂ ಇಲ್ಲ. ಲೂಕನ 7ನೆಯ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದ ಪಾಪಿಯಾದ ಸ್ತ್ರೀಗೆ ಹೆಸರಿಲ್ಲ. 8ನೆಯ ಅಧ್ಯಾಯದ ಆರಂಭದಲ್ಲಿ ಬರುವ ಮರಿಯಳು ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು. ಪೋಪ್ ಗ್ರೆಗರಿ 591ರ ಒಂದು ಪ್ರಸಂಗದಲ್ಲಿ ಇಬ್ಬರನ್ನೂ ಒಬ್ಬಳೆಂದು ಹೇಳಿದ್ದು ಪಶ್ಚಿಮದ ಸಭೆಯಲ್ಲಿ ಬೇರೂರಿತು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ತಂದ ಸ್ತ್ರೀಯ ಮೇಲೆ ನಾನು ಇಲ್ಲದ ಕಳಂಕವನ್ನು ಹೊರಿಸಿದ್ದೆ. ಮುಂದಿನ ಬುಧವಾರ ಎದ್ದು ನಿಂತು, ನಾನು ಹೇಳಿದ್ದು ತಪ್ಪು, ಈ ಹುಡುಗಿ ನನ್ನನ್ನು ತಿದ್ದಿದಳು ಎಂದು ಹೇಳಿದೆ. ಗಂಟಲು ಒಣಗಿತ್ತು. ಆದರೆ ಅಂದಿನಿಂದ ಯುವಕರು ನನ್ನ ಬಳಿ ತಮ್ಮ ನಿಜವಾದ ಸಂದೇಹಗಳನ್ನು ತರತೊಡಗಿದರು.

ಈ ನಡುವೆ ಕಿಟೆಲರ ನೆನಪು ನನಗೆ ಬಹಳ ಬಲ ಕೊಟ್ಟಿದೆ. 1853ರಲ್ಲಿ ಜರ್ಮನಿಯಿಂದ ಸುವಾರ್ತೆ ಸಾರಲೆಂದು ಬಂದ ಅವರು ಈ ನಾಡಿನವರಿಂದ ಕನ್ನಡವನ್ನು ಕಲಿಯುತ್ತಲೇ ಹೋದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಹೇಳಲು ಬಂದವನು ಮೊದಲು ಕೇಳಿಸಿಕೊಳ್ಳಬೇಕು ಎಂಬುದನ್ನು ಅಷ್ಟು ದೀರ್ಘಕಾಲ ಬದುಕಿ ತೋರಿಸಿದವರು ನಮ್ಮ ಸಭೆಗಳಲ್ಲಿ ಹೆಚ್ಚಿಲ್ಲ.

ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳಲಾರೆ. ಇತರರು ಮಾತನಾಡುವಾಗ ಮನಸ್ಸು ಉತ್ತರವನ್ನು ಸಿದ್ಧಪಡಿಸುವುದು ಇಂದಿಗೂ ನಿಂತಿಲ್ಲ. ಅದು ಗಮನಕ್ಕೆ ಬಂದ ಕೂಡಲೇ ಪೆನ್ನು ಹಿಡಿದು ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ. ಬರೆಯುವಾಗ ವಾದಿಸಲು ಆಗುವುದಿಲ್ಲ.

ಈ ಬುಧವಾರದ ಭಾಗ ಅದೇ 4ನೆಯ ಅಧ್ಯಾಯದ 26ರಿಂದ 29ನೆಯ ವಚನ. ಮಾರ್ಕನಲ್ಲಿ ಮಾತ್ರ ಸಿಗುವ ಸಾಮ್ಯ. ಒಬ್ಬನು ಬೀಜ ಹಾಕಿ, ರಾತ್ರಿ ಮಲಗಿ ಹಗಲು ಏಳುತ್ತಿರಲಾಗಿ, ಅವನಿಗೆ ತಿಳಿಯದ ರೀತಿಯಲ್ಲಿ ಅದು ಮೊಳೆತು ಬೆಳೆಯುತ್ತದೆ. ಈ ಸಲ ಟಿಪ್ಪಣಿಗೆ ಕೂರುವ ಮೊದಲು ಆ ತಾಯಿಗೆ ಫೋನ್ ಮಾಡಿ, ಬಿತ್ತಿದ ರಾತ್ರಿ ನಿಮಗೆ ನಿದ್ದೆ ಬರುತ್ತಿತ್ತೇ ಎಂದು ಕೇಳಿದೆ. "ಮಳೆ ಬಂದಿದ್ರೆ ಬರ್ತಿತ್ತು, ಇಲ್ಲಾಂದ್ರೆ ಮೋಡ ನೋಡ್ತಾ ಕೂತಿರ್ತಿದ್ವಿ. ಬುಧವಾರ ಬಂದು ಹೇಳ್ತೀನಿ ಬಿಡಿ" ಎಂದರು.