ನನ್ನದೇ ರಕ್ತದ ವರದಿ

ಕೋಲಾರದ ಡೂಂ ಲೈಟ್ ವೃತ್ತದಿಂದ ಕೂಗಳತೆಯಲ್ಲಿರುವ ಪ್ರಯೋಗಾಲಯವೊಂದರಲ್ಲಿ 19 ವರ್ಷಗಳಿಂದ ರಕ್ತ ಪರೀಕ್ಷೆ ಮಾಡುತ್ತಿದ್ದೇನೆ. ಊರಿನವರ ರಕ್ತವನ್ನೆಲ್ಲ ನೋಡಿದವಳಿಗೆ ತನ್ನದನ್ನು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಕಳೆದ ವರ್ಷ ಯುಗಾದಿ ಮುಗಿದ ವಾರ ಸೂಕ್ಷ್ಮ ಸಿಆರ್‌ಪಿ ಪರೀಕ್ಷೆಯ ಹೊಸ ಕಿಟ್ ಬಂತು. ಹೊಸ ಕಿಟ್ ಬಂದಾಗ ನಮ್ಮಲ್ಲೇ ಯಾರಾದರೂ ತೋಳು ಚಾಚಿ ಒಮ್ಮೆ ಪರೀಕ್ಷಿಸಿ ನೋಡುವುದು ರೂಢಿ. ಅಂದು ನನ್ನ ಸರದಿ. ಅಂಕಿ 5.8 ಬಂತು. ಕಿಟ್ ಕೆಟ್ಟಿರಬೇಕು ಎಂದುಕೊಂಡೆ. ಎರಡು ವಾರ ಬಿಟ್ಟು ಮತ್ತೆ ನೋಡಿದರೆ 5.4. ಕಿಟ್ ಸರಿಯಾಗಿಯೇ ಇತ್ತು.

ಸಿಆರ್‌ಪಿ ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದೆ ಎಂಬ ಸುದ್ದಿ ತಲುಪಿದರೆ ಯಕೃತ್ತು ಅದನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನಿಶ್ಚಿಂತೆ, 3 ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚು ಎಂಬುದು ವೈದ್ಯರ ಲೆಕ್ಕ. 10 ದಾಟಿದರೆ ಜ್ವರವೋ ಸೋಂಕೋ ಇದ್ದೀತು, ಅದು ಇಳಿದ ಮೇಲೆ ಮತ್ತೆ ನೋಡಬೇಕು. ಉರಿಯುತ್ತಿರುವುದು ಎಲ್ಲಿ ಎಂದು ಮಾತ್ರ ಅದು ಹೇಳುವುದಿಲ್ಲ. ಊರಿನಲ್ಲಿ ಎಲ್ಲೋ ಹೊಗೆ ಎದ್ದಿದೆ ಎನ್ನುವಷ್ಟೇ ಅದರ ಮಾತು.

ನನ್ನ ಅಪ್ಪ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡವರು. ರೋಗ ಗೊತ್ತಾದಾಗ ಅವರಿಗೆ 61 ವರ್ಷ. ಹಾಗಾಗಿ 5.8 ಎಂಬ ಅಂಕಿ ನನಗೆ ಹೃದಯವನ್ನಲ್ಲ, ಅಪ್ಪನ ಹೊಟ್ಟೆಯನ್ನು ನೆನಪಿಸಿತು.

ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂಬುದು ಹೊಸ ಮಾತಲ್ಲ. ಗಡ್ಡೆಗಳಲ್ಲಿ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ 1863ರಲ್ಲೇ ಗಮನಿಸಿದ್ದರು. ಗಾಯವಾದಾಗ ಕೆಂಪಾಗಿ, ಊದಿಕೊಂಡು, ವಾರದಲ್ಲಿ ಮಾಯುವ ಉರಿಯೂತ ನಮ್ಮ ಕಾವಲುಗಾರ. ತೊಂದರೆ ಕೊಡುವುದು ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಆರದೆ ಉಳಿಯುವಂಥದ್ದು. ಅಲ್ಲಿ ಜೀವಕೋಶಗಳು ಸತ್ತು ಹುಟ್ಟಿ, ಸತ್ತು ಹುಟ್ಟಿ, ಯಾವಾಗಲೋ ಒಮ್ಮೆ ಡಿಎನ್‌ಎ ನಕಲು ತಪ್ಪುತ್ತದೆ. ಹೆಪಟೈಟಿಸ್ ಬಿ ಯಕೃತ್ತಿನಲ್ಲಿ, ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಜಠರದಲ್ಲಿ ಹೀಗೆಯೇ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅಡಿಕೆ ಜಗಿಯುವವರ ಬಾಯಿ ಬಿಗಿದುಕೊಂಡು ತುತ್ತು ಒಳಗೆ ಹೋಗದಂತಾಗುವುದನ್ನು ನಮ್ಮ ಕಡೆ ನೋಡದವರಿಲ್ಲ. ಊಟದ ವಿಷಯ ಇಷ್ಟು ನೇರವಲ್ಲ. ಅದು ಬೊಜ್ಜು, ರಕ್ತದ ಸಕ್ಕರೆ, ಕರುಳಿನ ಸೂಕ್ಷ್ಮಜೀವಿಗಳು ಎಂಬ ಬಳಸು ದಾರಿಯಲ್ಲಿ ಬರುತ್ತದೆ. ಹೊಟ್ಟೆಯ ಒಳಗಿನ ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ, ಉರಿಯೂತದ ರಾಸಾಯನಿಕಗಳನ್ನು ದಿನವಿಡೀ ರಕ್ತಕ್ಕೆ ಬಿಡುತ್ತಿರುತ್ತದೆ.

ನನ್ನ ಸೊಂಟದ ಸುತ್ತಳತೆ 94 ಸೆಂಟಿಮೀಟರ್ ಇತ್ತು. ಭಾರತದ ಹೆಂಗಸರಿಗೆ 80 ಮಿತಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಅರಿಶಿನದ ಮಾತ್ರೆ ತಂದು ಆರು ವಾರ ನುಂಗಿದೆ. ಅಂಕಿ 5.6. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ದಾಟುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಮನುಷ್ಯರಲ್ಲಿ 20 ಪಟ್ಟು ಹೆಚ್ಚು ದಾಟುತ್ತದೆ ಎಂದು 1998ರಲ್ಲಿ ತೋರಿಸಿದವರು ನಮ್ಮ ಪಕ್ಕದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಆದರೆ ದಾಟುವುದು ಬೇರೆ, ವಾಸಿ ಮಾಡುವುದು ಬೇರೆ. ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೇ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ನಮ್ಮನ್ನು ಏನೂ ಮಾಡದು. ಡಬ್ಬಿಯಲ್ಲಿ ಬರುವುದನ್ನು ನಾನು ಬಿಟ್ಟೆ.

ಆಮೇಲೆ ಒಂದು ವಾರ, ತಿಂದದ್ದನ್ನೆಲ್ಲ ಹಳೆಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಓದಿ ನಾಚಿಕೆಯಾಯಿತು. ಬೆಳಿಗ್ಗೆ ಹೋಟೆಲಿನ ಖಾರಾಬಾತ್, ಹನ್ನೊಂದಕ್ಕೆ ಬೇಕರಿಯ ಪಫ್, ಮಧ್ಯಾಹ್ನ ಚಿತ್ರಾನ್ನ, ಸಂಜೆ ಬೋಂಡಾ, ರಾತ್ರಿ ಬಿಳಿ ಅನ್ನಕ್ಕೆ ತಿಳಿಸಾರು, ನಡುವೆ ಐದು ಟೀ. ಸೊಪ್ಪು ಕಂಡದ್ದು ಏಳು ದಿನದಲ್ಲಿ ಒಂದೇ ದಿನ. ರಾಗಿ, ಅವರೆ, ಸೊಪ್ಪಿನ ಸೀಮೆಯಲ್ಲಿ ಹುಟ್ಟಿದವಳ ಊಟ ಇದು! ಮಾಂಸದ ಬಗ್ಗೆಯೂ ಯೋಚಿಸಿದೆ. ಸಾಸೇಜಿನಂಥ ಸಂಸ್ಕರಿತ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ನಮ್ಮ ಮನೆಗೆ ಅದು ಬರುವುದಿಲ್ಲ. ಹಬ್ಬ ಹರಿದಿನದ ಮಟನ್ ಸಾರನ್ನು ಬಿಡಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ.

ಮುದ್ದೆಗೆ ಮರಳಿದೆ. ಇಲ್ಲೊಂದು ತಪ್ಪು ಮಾಡಿದೆ. ರಾಗಿ ಔಷಧಿ ಇದ್ದಂತೆ, ಎಷ್ಟು ತಿಂದರೂ ಒಳ್ಳೆಯದು ಎಂದು ಅತ್ತೆ ಹೇಳುತ್ತಿದ್ದರು. ಅವರು ಹೊಲದಲ್ಲಿ ಕಳೆ ಕಿತ್ತವರು, ನಾನು ಸೂಕ್ಷ್ಮದರ್ಶಕದ ಮುಂದೆ ಕುಳಿತವಳು. ಎರಡು ದೊಡ್ಡ ಮುದ್ದೆ ನುಂಗಿ ಎರಡು ಗಂಟೆಯ ನಂತರ ಬೆರಳು ಚುಚ್ಚಿಕೊಂಡೆ: ಸಕ್ಕರೆ 178. ಮರುದಿನ ಕಿತ್ತಳೆ ಗಾತ್ರದ ಒಂದೇ ಮುದ್ದೆ, ಬಟ್ಟಲು ತುಂಬ ಮಸ್ಸೊಪ್ಪು, ಒಂದು ಹಿಡಿ ಹುರುಳಿಕಾಳು ತಿಂದಾಗ 136. ಅತ್ತೆಗೆ ಎರಡೂ ಪಟ್ಟಿಗಳನ್ನು ತೋರಿಸಿದೆ.

“ಹಾಗಾದರೆ ತಪ್ಪು ರಾಗಿಯದಲ್ಲ, ನಿನ್ನ ಕೈಯದು” ಎಂದರು.

ಮುದ್ದೆ ಬುತ್ತಿಗೆ ಒಗ್ಗದು, ಮಧ್ಯಾಹ್ನದ ಹೊತ್ತಿಗೆ ಕಲ್ಲಾಗುತ್ತದೆ. ಅದನ್ನು ರಾತ್ರಿಗೆ ಇಟ್ಟುಕೊಂಡು, ಡಬ್ಬಿಗೆ ರಾಗಿ ರೊಟ್ಟಿ, ಕಾಳಿನ ಉಸಲಿ, ಸೌತೆಕಾಯಿ ಹಾಕಿಕೊಳ್ಳತೊಡಗಿದೆ. ಹಿಟ್ಟನ್ನು ಜರಡಿ ಹಿಡಿಯುವುದನ್ನು ನಿಲ್ಲಿಸಿದೆ, ನಾರು ಇರುವುದೇ ಆ ತೌಡಿನಲ್ಲಿ. ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ಕರುಳಿನ ಒಳಪದರದ ಕೋಶಗಳಿಗೆ ಅದೇ ಆಹಾರ. ಮಳೆಗಾಲದಲ್ಲಿ ಅತ್ತೆ ಬೆರಕೆ ಸೊಪ್ಪು ಆರಿಸಿ ತರುತ್ತಿದ್ದರು. ಟೊಮೆಟೊ ತೋಟಗಳಿಗೆ ಕಳೆನಾಶಕ ಹೊಡೆದು ಹೊಡೆದು ಬದುಗಳಲ್ಲಿ ಈಗ ಅಣ್ಣೆಸೊಪ್ಪು ಸಿಗುವುದೇ ಅಪರೂಪ. ಸಿಗದ ದಿನ ಸಂತೆಯ ಚಕ್ಕೋತ, ದಂಟು. ವಾರಕ್ಕೆ ನಾಲ್ಕು ಬೆಳಿಗ್ಗೆ ಅಂತರಗಂಗೆಯ ಮೆಟ್ಟಿಲು ಹತ್ತಿದೆ, ಕೋತಿಗಳಿಗೆ ಹೆದರಿ ಬರಿಗೈಯಲ್ಲಿ.

ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಕಣ್ಣಿಗೆ ಕಂಡ ಬದಲಾವಣೆ ಮಾತ್ರ ಸೆಂಟ್ರಿಫ್ಯೂಜಿನಲ್ಲಿ. ರಕ್ತದ ಕೊಳವೆಯನ್ನು ಅದರಲ್ಲಿಟ್ಟು ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ನನ್ನದು ಮೊದಲು ಹಾಲು ಬೆರೆಸಿದಂತೆ ಮಸುಕಾಗಿತ್ತು, ಕೊಬ್ಬು ಹೆಚ್ಚಿದ್ದುದರ ಗುರುತು. ಈಗ ಕೊಳವೆಯ ಹಿಂದೆ ಇಟ್ಟ ಚೀಟಿಯ ಅಕ್ಷರವನ್ನು ಅದರ ಮೂಲಕವೇ ಓದಬಹುದಿತ್ತು. ಆದರೂ ಸಿಆರ್‌ಪಿ 4.9ರಲ್ಲೇ ನಿಂತಿತು.

ಉತ್ತರ ಸಿಕ್ಕಿದ್ದು ಹಲ್ಲುಜ್ಜುವಾಗ. ಉಗುಳಿದ ನೊರೆ ಗುಲಾಬಿ ಬಣ್ಣಕ್ಕಿತ್ತು. ವರ್ಷಗಳಿಂದ ಹಾಗೆಯೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ವಸಡಿನ ರೋಗವೂ ಆರದ ಉರಿಯೂತವೇ. ದಂತವೈದ್ಯರು ಮೂರು ಸಲ ಕರೆಸಿ ಹಲ್ಲಿನ ಬೇರಿನವರೆಗೆ ಕಿಟ್ಟ ತೆಗೆದರು. ಎರಡು ತಿಂಗಳ ನಂತರ 2.7. ವರ್ಷದ ಕೊನೆಗೆ, ಏಳು ಕಿಲೋ ಇಳಿದ ಮೇಲೆ, 1.9. ಇದರಲ್ಲಿ ಮುದ್ದೆಯ ಪಾಲೆಷ್ಟು, ವಸಡಿನ ಪಾಲೆಷ್ಟು, ಅಂತರಗಂಗೆಯ ಪಾಲೆಷ್ಟು? ಬಿಡಿಸಿ ಹೇಳಲಾರೆ. ಒಬ್ಬಳೇ ರೋಗಿ, ಒಂದೇ ದೇಹ.

ಈ ಅಂಕಿಯನ್ನು ಪ್ರಯೋಗಾಲಯದಲ್ಲಿ ಹೇಳಿಕೊಂಡದ್ದೇ ತಪ್ಪಾಯಿತೋ ಏನೋ. ಮಾಲೂರಿನ ಕಡೆಯ ಒಬ್ಬರು ಬಂದು, “ಅಕ್ಕ, ಕ್ಯಾನ್ಸರ್ ಬರುತ್ತದೆಯೇ ಎಂದು ತೋರಿಸುವ ಆ ಪರೀಕ್ಷೆ ನನಗೂ ಮಾಡಿ. ಅಮ್ಮನಿಗೆ ಕಿಮೋ ನಿಲ್ಲಿಸಿ ಊಟದಲ್ಲೇ ವಾಸಿ ಮಾಡೋಣ ಎಂದಿದ್ದೇವೆ” ಎಂದರು. ಅವರನ್ನು ಕೂರಿಸಿ ಅರ್ಧ ಗಂಟೆ ಮಾತನಾಡಿದೆ. ಇದು ಕ್ಯಾನ್ಸರ್ ಪರೀಕ್ಷೆಯಲ್ಲ, ಬಂದ ಗಡ್ಡೆಯನ್ನು ಸೊಪ್ಪು ಕರಗಿಸುವುದಿಲ್ಲ, ಕಿಮೋ ನಡೆಯುವಾಗ ಅಮ್ಮನಿಗೆ ಬೇಕಾದದ್ದು ಪಥ್ಯವಲ್ಲ, ತೂಕ ಇಳಿಯದಂತೆ ಹೊಟ್ಟೆ ತುಂಬ ಊಟ ಎಂದೆ. ಅಮ್ಮನನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮತ್ತೆ ಕರೆದುಕೊಂಡು ಹೋಗಲು ಒಪ್ಪಿ ಎದ್ದರು.

ಅವರು ಹೋದ ಮೇಲೆ ನನ್ನ ಮಾತು ನನ್ನನ್ನೇ ಚುಚ್ಚಿತು. ತಂದೆಗೋ ತಾಯಿಗೋ ಕರುಳಿನ ಕ್ಯಾನ್ಸರ್ ಆಗಿದ್ದರೆ ಮಕ್ಕಳು 40ನೇ ವಯಸ್ಸಿಗೇ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು. ನನಗೆ 44. ಅಂಕಿ ಇಳಿಸುವ ಸಂಭ್ರಮದಲ್ಲಿ ಅದನ್ನು ಮುಂದೂಡುತ್ತಲೇ ಬಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡೆ. ಆ ವಾರದ ಸಿಆರ್‌ಪಿ 1.8. ಕರುಳಿನಲ್ಲಿ ಅವರೆಕಾಳಿಗಿಂತ ಚಿಕ್ಕದಾದ ಒಂದು ಪಾಲಿಪ್, ಒಳಪದರದ ಮೇಲೆ ಬೆಳೆಯುವ ಸಣ್ಣ ಗಂಟು, ಇತ್ತು. ಅಲ್ಲೇ ಕತ್ತರಿಸಿ ತೆಗೆದರು, ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ, ಐದು ವರ್ಷಕ್ಕೆ ಮತ್ತೆ ಬನ್ನಿ ಎಂದರು. ಆ ದಿನಾಂಕವನ್ನು ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲಿಗೆ, ಕಿಟ್‌ಗಳ ಅವಧಿ ಮುಗಿಯುವ ದಿನಗಳ ಪಟ್ಟಿಯ ಕೆಳಗೆ ಅಂಟಿಸಿದ್ದೇನೆ.