ಫಿಟೋನಿಯಾ ಬಾಡಿದಾಗ, ನೀರು ಹಾಕುವ ಮೊದಲು

ಫಿಟೋನಿಯಾವನ್ನು ಮನೆಯೊಳಗೆ ಬೆಳೆಸಲು ತೊಡಗಿ ಆರು ವರ್ಷಗಳಾದವು. ಮೊದಲ ಗಿಡವನ್ನು ಎರಡೇ ತಿಂಗಳಲ್ಲಿ, ಅದೂ ನೀರು ಹೆಚ್ಚಾಗಿ, ಕಳೆದುಕೊಂಡೆ. ಕಡುಹಸಿರು ಎಲೆಯ ಮೇಲೆ ಬಲೆ ನೇಯ್ದಂತೆ ಬಿಳಿಯ ನರಗಳು ಹರಡಿದ್ದ ಆ ಪುಟ್ಟ ಗಿಡ ಒಂದು ಸಂಜೆ ಇಡಿಯಾಗಿ ಕುಸಿದು ಕುಂಡದ ಅಂಚಿಗೆ ಜೋತುಬಿದ್ದಿತ್ತು. ಗಾಬರಿಯಿಂದ ನೀರು ಹಾಕಿದೆ. ರಾತ್ರಿಯಾಗುವಷ್ಟರಲ್ಲಿ ಎದ್ದು ನಿಂತಿತು. ಅಂದಿನಿಂದ ಎಲೆ ತುಸು ಬಾಗಿದರೂ ನೀರು ಹಾಕುವುದನ್ನೇ ರೂಢಿಸಿಕೊಂಡೆ. ಕೊನೆಗೆ ಒಂದು ದಿನ ಎಷ್ಟು ನೀರು ಹಾಕಿದರೂ ಗಿಡ ಏಳಲಿಲ್ಲ. ಕುಂಡದಿಂದ ತೆಗೆದು ನೋಡಿದಾಗ ಬೇರುಗಳು ಕಂದಾಗಿ, ಮೆತ್ತಗಾಗಿ, ಬೆರಳಿಗೆ ಕಳಚಿ ಬರುತ್ತಿದ್ದವು.

ಈ ಗಿಡದ ತೆಳುವಾದ ಎಲೆ ಮತ್ತು ಎಳೆಕಾಂಡಗಳು ನೆಟ್ಟಗಿರುವುದು ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ. ಮಣ್ಣು ಒಣಗಿದಾಗ ಆ ಒತ್ತಡ ಇಳಿದು ಗಿಡ ಬಾಡುತ್ತದೆ. ಮಣ್ಣಿನಲ್ಲಿ ನೀರು ನಿಂತಾಗಲೂ ಬಾಡುತ್ತದೆ, ಏಕೆಂದರೆ ಗಾಳಿಯಾಡದ ಕೆಸರಿನಲ್ಲಿ ಆಮ್ಲಜನಕ ಸಿಗದೆ ಬೇರುಗಳು ಸಾಯುತ್ತವೆ, ಸತ್ತ ಬೇರು ಪಕ್ಕದಲ್ಲೇ ಇರುವ ನೀರನ್ನೂ ಮೇಲಕ್ಕೆ ಕಳುಹಿಸಲಾರದು. ಹೊರಗಿನಿಂದ ಎರಡೂ ಒಂದೇ ಬಗೆಯ ಬಾಡುವಿಕೆಯಂತೆ ಕಾಣುತ್ತವೆ. ಆದ್ದರಿಂದ ನಾನೀಗ ಎಲೆಯನ್ನು ನೋಡಿ ನೀರು ಹಾಕುವುದಿಲ್ಲ. ಕುಂಡವನ್ನು ಎತ್ತಿ ನೋಡುತ್ತೇನೆ, ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸುತ್ತೇನೆ. ಕುಂಡ ಹಗುರವಾಗಿ ಮೇಲ್ಮಣ್ಣು ಒಣಗಿದ್ದರೆ ತಳದ ತೂತಿನಿಂದ ಹೊರಬರುವವರೆಗೆ ನೀರುಣಿಸಿ, ತಟ್ಟೆಯಲ್ಲಿ ಬಸಿದುದನ್ನು ಚೆಲ್ಲುತ್ತೇನೆ. ಕುಂಡ ಭಾರವಾಗಿದ್ದೂ ಎಲೆ ಬಾಡಿದ್ದರೆ ನೀರನ್ನು ಮುಟ್ಟುವುದೇ ಇಲ್ಲ. ಗಿಡವನ್ನು ಕಿತ್ತು, ಕೊಳೆತ ಬೇರನ್ನು ಕತ್ತರಿಸಿ, ಹೊಸ ಮಿಶ್ರಣಕ್ಕೆ ಬದಲಿಸುತ್ತೇನೆ. ಹಾಗೆಂದು ಬಾಡಿದ ಮೇಲೆಯೇ ನೀರು ಕೊಡುವುದೂ ಸರಿಯಲ್ಲ. ಪದೇ ಪದೇ ಕುಸಿದು ಎದ್ದ ಗಿಡದ ಕೆಳಗಿನ ಎಲೆಗಳು ಒಣಗಿ ಉದುರುವುದನ್ನು ನೋಡಿದ್ದೇನೆ.

ಇದರ ತವರನ್ನು ನೆನಪಿಟ್ಟುಕೊಂಡರೆ ಉಳಿದ ಬೇಡಿಕೆಗಳು ತಾವಾಗಿಯೇ ತಿಳಿಯುತ್ತವೆ. ಪೆರು, ಇಕ್ವೆಡಾರ್, ಕೊಲಂಬಿಯ ಮೊದಲಾದ ದೇಶಗಳ ಮಳೆಕಾಡುಗಳಲ್ಲಿ, ಹೆಮ್ಮರಗಳ ನೆರಳಿನಡಿ, ಸುಮಾರು 15 ಸೆಂ.ಮೀ.ಗಿಂತ ಮೇಲೇರದೆ ನೆಲಕ್ಕೆ ಹಬ್ಬುವ ಗಿಡವಿದು. ಕನಕಾಂಬರ, ಆಡುಸೋಗೆಗಳ ಕುಟುಂಬಕ್ಕೇ ಸೇರಿದೆ. ಕಾಂಡದ ಗೆಣ್ಣು ತೇವವಾದ ನೆಲವನ್ನು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಬೇರು ಆಳಕ್ಕೆ ಹೋಗದ ಕಾರಣ ಅಗಲವಾದ, ತಗ್ಗು ಕುಂಡವೇ ಒಳ್ಳೆಯದು. ನಾನು ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಮಣ್ಣನ್ನು ಸಡಿಲಾಗಿಡುವ ಹಗುರವಾದ ಬಿಳಿ ಹರಳು ಪರ್ಲೈಟ್ ಒಂದು ಪಾಲು ಬೆರೆಸುತ್ತೇನೆ. ನೇರ ಬಿಸಿಲು ಬಿದ್ದರೆ ಎಲೆ ಸುಟ್ಟು ಕಂದುತ್ತದೆ. ಬೆಳಕು ತೀರ ಕಡಿಮೆಯಾದರೆ ಕಾಂಡ ಉದ್ದುದ್ದ ಎಳೆದು ಎಲೆಗಳ ನಡುವೆ ಅಂತರ ಬೀಳುತ್ತದೆ. ಕಿಟಕಿಯ ತೆಳುಪರದೆಯ ಹಿಂದಿನ ಜಾಗ ನನ್ನ ಗಿಡಕ್ಕೆ ಒಗ್ಗಿದೆ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ. ಗೊಬ್ಬರದ ಚಿಂತೆ ಹೆಚ್ಚು ಬೇಡ. ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಅರ್ಧ ಪ್ರಮಾಣದ ದ್ರವಗೊಬ್ಬರ ಸಾಕು.

ಗಾಳಿಯ ತೇವಾಂಶದ ವಿಷಯದಲ್ಲಿ ನಾನು ಬಹಳ ದಿನ ಎಲೆಗಳ ಮೇಲೆ ನೀರು ಸಿಂಪಡಿಸುತ್ತಿದ್ದೆ. ಅದರ ಪರಿಣಾಮ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ, ಎಲೆಯ ಅಂಚು ಮತ್ತೆ ಒಣಗುತ್ತದೆ. ನಿಜವಾದ ವ್ಯತ್ಯಾಸ ಕಂಡದ್ದು ಒಂದು ತುಂಡನ್ನು ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ನೆಟ್ಟಾಗ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಬಾಟಲಿಯ ಮಣ್ಣಿನಲ್ಲಿ ಜರೀಗಿಡ ತಾನಾಗಿ ಮೊಳೆತದ್ದನ್ನು ಗಮನಿಸಿದ್ದರು; ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗಿಳಿಯುವ ಅದೇ ಚಕ್ರ ನನ್ನ ಭರಣಿಯಲ್ಲೂ ನಡೆಯುತ್ತದೆ. ವಾರಗಟ್ಟಲೆ ನೀರು ಬೇಕಾಗುವುದಿಲ್ಲ. ಗಾಜು ದಿನವಿಡೀ ಮಸುಕಾಗಿದ್ದರೆ ಮಾತ್ರ ಮುಚ್ಚಳವನ್ನು ಕೆಲವು ಗಂಟೆ ತೆರೆದಿಡುತ್ತೇನೆ, ಉದುರಿದ ಎಲೆ ಬೂಷ್ಟು ಹಿಡಿಯುವ ಮೊದಲೇ ತೆಗೆಯುತ್ತೇನೆ. ಭರಣಿಯನ್ನು ಬಿಸಿಲಿಗಿಟ್ಟರೆ ಒಳಗಿನ ಗಿಡ ಬೆಂದೇ ಹೋಗುತ್ತದೆ.

ಎಲೆಯ ಅಂದಕ್ಕಾಗಿ ಬೆಳೆಸುವ ಗಿಡವಾದ್ದರಿಂದ ಸಣ್ಣ ಹೂತೆನೆ ಬಂದೊಡನೆ ಚಿವುಟುತ್ತೇನೆ. ತುದಿಚಿಗುರನ್ನೂ ಆಗಾಗ ಚಿವುಟಿದರೆ ಪಕ್ಕದ ಕವಲೊಡೆದು ಕುಂಡ ತುಂಬುತ್ತದೆ. ಇಷ್ಟಾದರೂ ನನ್ನ ಎರಡನೆಯ ಗಿಡ ಮೂರು ವರ್ಷಗಳಲ್ಲಿ ಬುಡದ ಬಳಿ ಬೋಳಾಯಿತು. ಆಗ ಎರಡು ಮೂರು ಗೆಣ್ಣುಗಳಿರುವ, ಬೆರಳುದ್ದದ ತುಂಡುಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಟ್ಟೆ. ಎರಡು ಮೂರು ವಾರಗಳಲ್ಲಿ ಬಿಳಿಬೇರು ಮೂಡಿತು. ಆ ಐದು ತುಂಡುಗಳನ್ನು ಹಳೆಯ ಕಾಂಡದ ಸುತ್ತಲೇ ನೆಟ್ಟೆ. ಈಗ ಬುಡ ಎಲ್ಲಿದೆಯೆಂದು ಹುಡುಕಬೇಕಾದಷ್ಟು ಒತ್ತಾಗಿ ಹಬ್ಬಿವೆ.